ಎಕರೆಗೆ ಎಷ್ಟು?

ಊಟಿಗೆ ಹೋದವರಲ್ಲಿ ಕೆಲವರು ಕೆರೆ ನೋಡುತ್ತಾರೆ, ಕೆಲವರು ಹೂ ನೋಡುತ್ತಾರೆ, ಮಿಕ್ಕವರು ತಮ್ಮ ಫೋಟೊ ನೋಡಿಕೊಳ್ಳುತ್ತಾರೆ. ಎಕರೆರಾಯರು ಬೇಲಿ ನೋಡುತ್ತಾರೆ. ಬೇಲಿ ಕಂಡಲ್ಲಿ ಕಾರು ನಿಲ್ಲಬೇಕು, ಗಾಜು ಇಳಿಯಬೇಕು, ಆ ಕಡೆ ನರಮನುಷ್ಯರು ಯಾರಿದ್ದರೂ ಪ್ರಶ್ನೆ ತಲುಪಬೇಕು: "ಇಲ್ಲಿ ಎಕರೆಗೆ ಎಷ್ಟು?"

ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ, ಇದು ಬೀದಿಯವರು ಇಟ್ಟದ್ದು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟು. ಗೋಡೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಮಣ್ಣಿನಲ್ಲಿ ಒಂದು ಕರಿಬೇವಿನ ಗಿಡ ನೆಟ್ಟಿದ್ದರು. ನೀರು ಹಾಕುವವರಿಲ್ಲದೆ ಅದು ಒಣಗಿತು. ಈ ಕೃಷಿ ಅನುಭವದ ಬಲದ ಮೇಲೆ ನೀಲಗಿರಿಯಲ್ಲಿ ಎರಡೆಕರೆ ಚಹಾ ತೋಟ ಮಾಡಬೇಕೆಂದಿದ್ದಾರೆ. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕರ್ನಾಟಕದ ಕಾಯ್ದೆ ಬದಲಾದಾಗ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಆ ಕಾಯ್ದೆಯಿಂದ ಅವರು ಈತನಕ ಕೊಂಡದ್ದು ಆ ಮೈಸೂರು ಪಾಕನ್ನು ಮಾತ್ರ.

ಪ್ರವಾಸದ ತಗಾದೆ ಮನೆಯಲ್ಲೇ ಶುರು. 2024ರ ಮೇ ತಿಂಗಳಿಂದ ಊಟಿಗೆ ಹೋಗುವ ಗಾಡಿಗೆ ಇ-ಪಾಸ್ ಬೇಕು. "ನಾಳೆ ಅಲ್ಲೇ ತೋಟ ಮಾಡಿದ ಮೇಲೆ, ನನ್ನ ತೋಟಕ್ಕೆ ನಾನೇ ಪಾಸ್ ತಗೋಬೇಕಾ?" ಎಂದು ಮೊಮ್ಮಗನನ್ನು ಕೇಳುತ್ತಾರೆ. ಮೊಮ್ಮಗ ಉತ್ತರ ಕೊಡದೆ ಫೋನ್ ಒತ್ತುತ್ತಾನೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುವುದರಿಂದ ಗೇಟು ತೆರೆಯುವ ಮುಂಚೆಯೇ ಸಾಲಿನಲ್ಲಿ ಮೊದಲು ನಿಂತಿರುತ್ತಾರೆ. ತಡವಾದರೆ ಜಮೀನು ಬೇರೆಯವರ ಪಾಲಾದೀತು ಅನ್ನೋ ಆತಂಕ.

ಕಾಡು ಶುರುವಾದರೆ ಅವರಿಗೆ ಹೊಟ್ಟೆಯುರಿ. "ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ನೋಡಿ!" ಮರ, ಬಿದಿರು, ಜಿಂಕೆ, ಲಂಗೂರ, ಇವೆಲ್ಲ ಇರುವ ಜಾಗಕ್ಕೆ ಅವರ ಲೆಕ್ಕದಲ್ಲಿ ಖಾಲಿ ಎಂದು ಹೆಸರು. ಒಮ್ಮೆ ಮಸಿನಗುಡಿ ಕಡೆ ಒಂದು ತುಂಡು ನೋಡೋಣ ಅಂತ ಹಟ ಹಿಡಿದರು. ಅದು ಆನೆ ಓಡಾಡುವ ದಾರಿ, ಅಲ್ಲಿನ ರೆಸಾರ್ಟುಗಳು ಜಾಗ ಬಿಡಬೇಕೆಂಬ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟೇ 2020ರಲ್ಲಿ ಎತ್ತಿಹಿಡಿದಿದೆ ಎಂದು ಡ್ರೈವರ್ ತಿಳಿಸಿ ಹೇಳಿದ.

"ಆನೆ ಹತ್ತಿರ ಪಹಣಿ ಇದೆಯೇನಪ್ಪಾ?"

ಅಷ್ಟರಲ್ಲಿ ರಸ್ತೆ ಪಕ್ಕದಲ್ಲೇ ಬಿದಿರು ಮುರಿಯುವ ಸದ್ದು. ಡ್ರೈವರ್ ಗಾಡಿ ನಿಧಾನ ಮಾಡಿ, "ಇಲ್ಲೇ ಇದೆ ಸಾರ್, ನೀವೇ ಕೇಳಿಬಿಡಿ" ಅಂದ. ರಾಯರು ಗಾಜು ಏರಿಸಿದರು. ನನಗೆ ತಿಳಿದಂತೆ ಅವರು ಬೆಲೆ ಕೇಳದೆ ಮುಂದೆ ಹೋದ ಜಾಗ ಅದೊಂದೇ.

ಅವರ ಆರಾಧ್ಯ ದೈವ ಜಾನ್ ಸಲಿವನ್. ಕೊಯಮತ್ತೂರಿನ ಕಲೆಕ್ಟರಾಗಿದ್ದ ಈ ಇಂಗ್ಲಿಷರವ 1819ರಲ್ಲಿ ಬೆಟ್ಟ ಹತ್ತಿದ. ಮುಂದೆ ತೋಡರಿಂದ ಎಕರೆಗೆ ಒಂದು ರೂಪಾಯಿಯ ಹಾಗೆ ನೆಲ ಕೊಂಡ ಎಂದು ಊಟಿಯಲ್ಲಿ ಈಗಲೂ ಹೇಳುತ್ತಾರೆ. ಈ ಕಥೆ ಹೇಳುವಾಗ ರಾಯರ ಕಣ್ಣು ಒದ್ದೆ. "ಒಂದು ರೂಪಾಯಿ! ಆಗ ನಮ್ಮ ಹಿರಿಯರು ಏನು ಮಾಡ್ತಿದ್ದರೋ, ಒಬ್ಬರಿಗೂ ಬುದ್ಧಿ ಇರಲಿಲ್ಲ." ಎಮ್ಮೆ ಮೇಯಿಸಿಕೊಂಡಿದ್ದ ತೋಡರಿಗೆ ಆ ವ್ಯಾಪಾರದಲ್ಲಿ ಏನು ಗಿಟ್ಟಿತು ಎಂಬ ಲೆಕ್ಕ ಅವರ ಪುಸ್ತಕದಲ್ಲಿಲ್ಲ, ಆ ಹುಲ್ಲುಗಾವಲಿನ ಬಹುಪಾಲು ನೀಲಗಿರಿ ಮರ, ವಾಟಲ್, ಚಹಾ ನುಂಗಿದ್ದೂ ಇಲ್ಲ. ಸಲಿವನ್ ಕಟ್ಟಿಸಿದ ಸ್ಟೋನ್ ಹೌಸ್ ಈಗ ಸರ್ಕಾರಿ ಕಾಲೇಜಿನ ಆವರಣದಲ್ಲಿದೆ. ಅದನ್ನು ತೋರಿಸಿದಾಗ ರಾಯರು ಕೇಳಿದ್ದು, "ಕಾಂಪೌಂಡ್ ಎಲ್ಲಿವರೆಗೆ?"

ತಮಿಳು ಬಾರದು. ಆದರೆ ಪಟ್ಟಾ, ಸೆಂಟ್, 'ಎವ್ವಳವು', ಈ ಮೂರು ಮಾತಿನಲ್ಲಿ ಮೆಟ್ಟುಪಾಳ್ಯದಿಂದ ಗೂಡಲೂರಿನವರೆಗೆ ಸಂಸಾರ ಮಾಡಬಲ್ಲರು. ನಮ್ಮಲ್ಲಿ ಎಕರೆಗೆ 40 ಗುಂಟೆ, ಅಲ್ಲಿ 100 ಸೆಂಟ್. ಪುಟಾಣಿ ರೈಲಿನಲ್ಲಿ ಕೂತು ಈ ಗುಣಾಕಾರ ಮಾಡುತ್ತಾ ಕೂನೂರಿನ ಕಣಿವೆಯನ್ನು ನೋಡದೆಯೇ ದಾಟಿಬಿಟ್ಟರು. ಹಲ್ಲಿನ ಹಳಿ ಹಿಡಿದು ಹತ್ತುವ ಆ ಗಾಡಿ 1899ರಲ್ಲೇ ಕೂನೂರು ಮುಟ್ಟಿತ್ತು, 1908ರಲ್ಲಿ ಊಟಿ. ರಾಯರು ಎರಡೂ ಇಸವಿಗಳನ್ನು ಬರೆದುಕೊಂಡರು. "ಆಗಲಾದರೂ ತಗೋಬಹುದಿತ್ತು."

ಕೇತಿ ಕಣಿವೆಯಲ್ಲಿ ಬಡಗರ ಯಜಮಾನರೊಬ್ಬರು ಸಿಕ್ಕರು. ಮೇಲೆ ಚಹಾ, ಕೆಳಗೆ ಕ್ಯಾರೆಟ್, ಬೆಳ್ಳುಳ್ಳಿ. ಬಡಗರ ಮಾತು ಕನ್ನಡಕ್ಕೆ ಹತ್ತಿರವಾದ್ದರಿಂದ ದುಭಾಷಿ ಬೇಕಾಗಲಿಲ್ಲ. ಬೇಕಾಗಿದ್ದರೆ ರಾಯರ ಕನಸು ಇನ್ನೊಂದು ಗಳಿಗೆ ಬದುಕುತ್ತಿತ್ತು. ಯಜಮಾನರು ಬೆಲೆ ಹೇಳಲಿಲ್ಲ, ಲೆಕ್ಕ ಹೇಳಿದರು. ವಾರ ಹತ್ತು ದಿನಕ್ಕೊಮ್ಮೆ ಎಲೆ ಕೀಳಲೇಬೇಕು. (ವರ್ಷಕ್ಕೊಂದು ಸುಗ್ಗಿ, ಉಳಿದಂತೆ ವರಾಂಡದಲ್ಲಿ ಪೇಪರ್ ಎಂದು ರಾಯರು ತಿಳಿದಿದ್ದರು.) ಕೀಳದೆ ಬಿಟ್ಟರೆ ಗಿಡ ಮರವಾಗುತ್ತದೆ. ಒಂದು ಕಿಲೋ ಚಹಾಪುಡಿಗೆ ನಾಲ್ಕರಿಂದ ಐದು ಕಿಲೋ ಹಸಿರೆಲೆ ಹೋಗುತ್ತದೆ. ಆ ಎಲೆಗೆ ಫ್ಯಾಕ್ಟರಿಯವರು ಕೊಡುವ ಬೆಲೆ ಸಾಲದೆ ಸಣ್ಣ ಬೆಳೆಗಾರರು ಧರಣಿ ಕೂತದ್ದೂ ಆಗಿದೆ. ಕೀಳುವವರು ಸಿಗುತ್ತಿಲ್ಲ. ರಾತ್ರಿ ಕಾಟಿ ಬರುತ್ತದೆ, ಅದು ಬಾರದ ದಿನ ಕರಡಿ. ಇಷ್ಟು ಹೇಳಿ ಅವರು ರಾಯರ ಹೆಂಡತಿಯತ್ತ ತಿರುಗಿ, "ಅಮ್ಮ ಎಲೆ ಕೀಳ್ತಾರಾ?" ಎಂಬ ಅರ್ಥ ಬರುವಂತೆ ಕೇಳಿದರು.

"ನಾನು ಕರಿಬೇವನ್ನೇ ಅಂಗಡಿಯಿಂದ ತರೋಳು" ಅಂದರು ಆಕೆ.

ಸಂಜೆ ಐದಕ್ಕೆ ಮಂಜು ಇಳಿಯಿತು. ಬೆಂಗಳೂರಿನ ಸೆಖೆಗೆ ಬೈಯುತ್ತಾ ಬಂದವರು ಮಂಕಿ ಕ್ಯಾಪ್, ಅದರ ಮೇಲೆ ಮಫ್ಲರ್, ಅದರ ಮೇಲೆ ಹೆಂಡತಿಯ ಶಾಲು ಸುತ್ತಿಕೊಂಡು ಹೋಟೆಲಿನವರ ಹತ್ತಿರ ಹೀಟರಿಗೆ ಬಾಡಿಗೆ ಚೌಕಾಸಿ ಮಾಡಿದರು. ಮಂಡಿನೋವು ಎದ್ದಿತು. ಆಗಲೇ ಫ್ಲಾಸ್ಕ್ ಹೊರಬಂದದ್ದು. ಹೊರಡುವ ಮುಂಚೆ ಮನೆಯಲ್ಲಿ ಇಳಿಸಿದ ಡಿಕಾಕ್ಷನ್ನು, ಅರ್ಧ ಚಿಕೋರಿ. ಹೌದು, ಚಹಾ ತೋಟದ ಭಾವೀ ಮಾಲೀಕರು ಚಹಾ ಕುಡಿಯುವುದಿಲ್ಲ. ಫ್ಯಾಕ್ಟರಿ ತೋರಿಸುವವರು ಪುಟ್ಟ ಲೋಟದಲ್ಲಿ ಪುಕ್ಕಟೆ ಕೊಟ್ಟದ್ದನ್ನು ಒಂದು ಗುಟುಕು ಕುಡಿದು "ಒಗರು" ಅಂತ ಮುಖ ಸಿಂಡರಿಸಿದ್ದರು.

ಇಷ್ಟಾದರೂ ಮರುದಿನ ದೊಡ್ಡಬೆಟ್ಟ ಹತ್ತಿದರು. 2,637 ಮೀಟರು, ನೀಲಗಿರಿಗೆಲ್ಲ ಎತ್ತರ. ಜನ ದುರ್ಬೀನಿಗೆ ಸಾಲು ನಿಂತಿದ್ದರು. ರಾಯರ ಸರದಿ ಬಂತು. ನಾಲ್ಕು ದಿಕ್ಕೂ ನೋಡಿ, ದುರ್ಬೀನಿನವನನ್ನು ಕೇಳಿದರು: "ಯಾವ ಕಡೆ ಅಗ್ಗ?"

ವಾಪಸ್ ಬರುವಾಗ ಡಿಕ್ಕಿಯಲ್ಲಿ ಊಟಿ ವರ್ಕಿ, ನೀಲಗಿರಿ ತೈಲ, ಮಣ್ಣು ಮೆತ್ತಿದ ಐದು ಕಿಲೋ ಕ್ಯಾರೆಟ್. ಜಮೀನಿಲ್ಲ. ಬಯ್ಯಬೇಕು ಅನಿಸಿದರೂ ನನಗೆ ಬಾಯಿ ಬಾರದು. ಬರೀ ಕೇಳಿ ಹೋಗುವ ರಾಯರಿಂದ ಬೆಟ್ಟಕ್ಕೆ ಕೆಟ್ಟದ್ದೇನೂ ಆಗಿಲ್ಲ; ಆಗಿರುವುದೆಲ್ಲ ಕೇಳಿದ ಮೇಲೆ ದುಡ್ಡು ಕೊಟ್ಟವರಿಂದ.

ಆದ್ದರಿಂದ ಕೋಟಗಿರಿ, ಕೂನೂರು ಕಡೆ ತೋಟವಿರುವ ಓದುಗರಲ್ಲಿ ಒಂದು ವಿನಂತಿ. ಮಂಕಿ ಕ್ಯಾಪಿನವರೊಬ್ಬರು ಬೇಲಿ ಹಿಡಿದು ನಿಂತು ಎಕರೆಗೆ ಎಷ್ಟು ಎಂದು ಕೇಳಿದರೆ ಗಾಬರಿಯಾಗಬೇಡಿ, ನಾಯಿ ಬಿಡಬೇಡಿ. ಒಳಗೆ ಕರೆದು ಒಂದು ಲೋಟ ಚಹಾ ಕೊಡಿ. ತಾವಾಗಿಯೇ ಹೊರಟುಹೋಗುತ್ತಾರೆ.