ಪೆಂಬಿನಾದ ಕುದುರೆಗಳಿಗೊಂದು ಬಹಿರಂಗ ಪತ್ರ

ನಾರ್ತ್ ಡಕೋಟಾದ ಪೆಂಬಿನಾ ಊರಿನ ಸನ್ಮಾನ್ಯ ಕುದುರೆಗಳ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. 1940ರ ಆರಂಭದಲ್ಲಿ ತಾವು ಅಂತರರಾಷ್ಟ್ರೀಯ ಕಾನೂನಿಗೆ ಸಲ್ಲಿಸಿದ ಸೇವೆಗೆ ಒಂದು ಶಾಲು, ಒಂದು ಹಾರವೂ ಸಿಗದಿರುವುದು ಅನ್ಯಾಯ.

ಆಗ ಕೆನಡಾ ಎರಡನೇ ಮಹಾಯುದ್ಧದಲ್ಲಿತ್ತು, ಅಮೆರಿಕ ತಟಸ್ಥವಾಗಿತ್ತು. ಹಿಂದಿನ ನವೆಂಬರ್ 4ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದ ತಟಸ್ಥತಾ ಕಾಯ್ದೆಯ ಸಾರ ಇಷ್ಟೇ: ಕಾದಾಡುವವರು ರೊಕ್ಕ ಎಣಿಸಲಿ, ಮಾಲನ್ನು ತಾವೇ ಸಾಗಿಸಿಕೊಳ್ಳಲಿ. ಹಾಗಾಗಿ ಲಾಕ್‌ಹೀಡ್ ಕಂಪನಿಯ ಹಡ್ಸನ್ ಬಾಂಬರ್‌ಗಳನ್ನು ಅಮೆರಿಕದ ಪೈಲಟ್‌ಗಳು ಗಡಿಯಂಚಿನ ಬಯಲಿಗೆ ತಂದಿಳಿಸಿದರು. ಇನ್ನೊಂದು ಮಾರು ಮುಂದೆ ಹಾರಿದ್ದರೆ ಕಾನೂನುಭಂಗ! ಅವಳಿ ಇಂಜಿನ್ನಿನ ವಿಮಾನಕ್ಕೆ ಹಗ್ಗ ಬಿಗಿದು ಕೆನಡಾದ ಮ್ಯಾನಿಟೋಬಾದ ನೆಲಕ್ಕೆ ಎಳೆದವರು ತಾವು. ತಟಸ್ಥತೆಯ ಮಡಿ ಕೆಡಲಿಲ್ಲ, ಮಾಲು ದಾಟಿತು.

ಈ ಮಡಿಯ ನಿಯಮಗಳು 1907ರ ಹೇಗ್ ಒಪ್ಪಂದಗಳಲ್ಲಿವೆ. 13ನೇ ಒಪ್ಪಂದದ 6ನೇ ವಿಧಿಯಂತೆ ತಟಸ್ಥ ಸರ್ಕಾರ ಯುದ್ಧನಿರತರಿಗೆ ಯುದ್ಧನೌಕೆ, ಮದ್ದುಗುಂಡು ಯಾವುದನ್ನೂ ಕೊಡುವಂತಿಲ್ಲ. ಮರುವಿಧಿಯಲ್ಲೇ ವ್ಯಾಪಾರಿಗೆ ಬಾಗಿಲು ತೆರೆದಿದೆ: ಆಯುಧಗಳ ರಫ್ತನ್ನು ಸರ್ಕಾರ ತಡೆಯಲೇಬೇಕೆಂದಿಲ್ಲ. ಆದರೆ ಯುದ್ಧಕ್ಕೆ ಸಜ್ಜಾಗುವ ಹಡಗನ್ನು ತಡೆಯಬೇಕು, ಎನ್ನುತ್ತದೆ 8ನೇ ವಿಧಿ.

ಈ ಎಚ್ಚರಿಕೆಗೆ ಕಾರಣ ಬ್ರಿಟನ್. 1862ರಲ್ಲಿ ಬರ್ಕನ್‌ಹೆಡ್‌ನಿಂದ ಒಂದು ಹಡಗು ಪರೀಕ್ಷಾರ್ಥ ಸಂಚಾರದ ನೆಪದಲ್ಲಿ, ಅತಿಥಿಗಳನ್ನೂ ಕೂರಿಸಿಕೊಂಡು ಹೊರಟಿತು. ಅತಿಥಿಗಳು ಬೇರೆ ದೋಣಿಯಲ್ಲಿ ಮರಳಿದರು, ಹಡಗು ಮರಳಲಿಲ್ಲ. ಅಜೋರ್ಸ್ ಬಳಿ ತೋಪು ಏರಿಸಿಕೊಂಡು ‘ಅಲಬಾಮಾ’ ಆಗಿ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯಗಾರರ ಪರವಾಗಿ ಅಮೆರಿಕದ ವ್ಯಾಪಾರಿ ಹಡಗುಗಳನ್ನು ಸುಟ್ಟಿತು. 1872ರಲ್ಲಿ ಜಿನೀವಾದ ಪಂಚಾಯ್ತಿ ಬ್ರಿಟನ್ನಿಗೆ ಹಾಕಿದ ದಂಡ 1.55 ಕೋಟಿ ಡಾಲರ್, ಅದೂ ಚಿನ್ನದಲ್ಲಿ.

ಪೆಂಬಿನಾದಲ್ಲಿ ಅಮೆರಿಕ ತೋರಿದ ಸಂಕೋಚವೂ ಹೆಚ್ಚು ದಿನ ಉಳಿಯಲಿಲ್ಲ. ತಾವು ಬೆವರು ಸುರಿಸಿದ ವರ್ಷವೇ, ಸೆಪ್ಟೆಂಬರಿನಲ್ಲಿ, ಅಮೆರಿಕ ಸರ್ಕಾರ ಖುದ್ದಾಗಿ 50 ಡಿಸ್ಟ್ರಾಯರ್‌ಗಳನ್ನು ಬ್ರಿಟನ್ನಿಗೆ ಒಪ್ಪಿಸಿತು. ಬದಲಿಗೆ ನೆಲೆಗಳಿಗೆ 99 ವರ್ಷದ ಗುತ್ತಿಗೆ ಪಡೆಯಿತು. ಯಾವ ಕುದುರೆಯನ್ನೂ ಕರೆಯಲಿಲ್ಲ. ಇತ್ತ ಸ್ವಿಟ್ಜರ್ಲೆಂಡ್ 2022ರಲ್ಲೂ ಮಡಿ ಬಿಡಲಿಲ್ಲ. ತಾನು ಜರ್ಮನಿಗೆ ಮಾರಿದ್ದ ಗೆಪಾರ್ಡ್ ತೋಪಿನ ಗುಂಡುಗಳನ್ನು ಉಕ್ರೇನಿಗೆ ದಾಟಿಸಲು ಅನುಮತಿ ನಿರಾಕರಿಸಿತು.

ವಿಮಾನಗಳಿಗೆಂದೇ ನ್ಯಾಯಶಾಸ್ತ್ರಜ್ಞರು 1923ರಲ್ಲಿ ಹೇಗ್‌ನಲ್ಲಿ ನಿಯಮ ಬರೆದರು. ದಾಳಿಗೆ ಸಿದ್ಧವಾದ ವಿಮಾನ ತಟಸ್ಥ ನೆಲದಿಂದ ಹೊರಡದಂತೆ ಸರ್ಕಾರ ತಡೆಯಬೇಕೆಂದರು. ಆ ಕರಡು ಇಂದಿಗೂ ಒಪ್ಪಂದವಾಗಿಲ್ಲ. ಆದ್ದರಿಂದ ತಮ್ಮ ವಂಶಸ್ಥರು ಯಾವುದೇ ತಟಸ್ಥ ದೇಶದ ವಿದೇಶಾಂಗ ಇಲಾಖೆಗೆ ಹಗ್ಗ ಎಳೆಯುವ ಕೆಲಸಕ್ಕಾಗಿ ಧೈರ್ಯವಾಗಿ ಅರ್ಜಿ ಹಾಕಬಹುದು.

ಇತಿ,
ತಟಸ್ಥ ಓದುಗರ ಪರವಾಗಿ