ಶ್ರೀ ಶೇಕಡ ಇಪ್ಪತ್ತು ಅವರಿಗೆ ಬೀಳ್ಕೊಡುಗೆ

ವೇದಿಕೆಯ ಮೇಲಿರುವ ಹಾಗೂ ಇನ್ನೂ ದಾರಿಯಲ್ಲೇ ಇರುವ ಗಣ್ಯರೇ, ಚಾಮರಾಜನಗರ–ಗುಂಡ್ಲುಪೇಟೆಯ ಹೊಂಗೆ ನೆರಳಿನ ಬಂಧುಗಳೇ,

ಇಂದಿನ ಸನ್ಮಾನಿತರು ಶ್ರೀ ಶೇಕಡ ಇಪ್ಪತ್ತು. ಹುಟ್ಟಿದ್ದು 2009ರಲ್ಲಿ, ದೆಹಲಿಯಲ್ಲಿ, ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಮಡಿಲಲ್ಲಿ. 2017ರ ಹೊತ್ತಿಗೆ ನೂರು ಲೀಟರ್ ಡೀಸೆಲ್ಲಿನಲ್ಲಿ ಇಪ್ಪತ್ತು ಲೀಟರ್ ಜೈವಿಕ ಡೀಸೆಲ್ ಬೆರೆತಿರಬೇಕು, ಅದೇ ಇವರಿಗೆ ಒಪ್ಪಿಸಿದ ಕೆಲಸ. ಶೇಕಡ ಒಂದನ್ನೂ ದಾಟದೆ, ಯಾರ ಮನಸ್ಸನ್ನೂ ನೋಯಿಸದೆ, ಸೇವಾವಧಿ ಮುಗಿಸಿದರು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂದು ನಮ್ಮೂರಿಗೆ ಅಪವಾದ ಹೊರಿಸುತ್ತಿದ್ದರಲ್ಲ, ಇವರು ಕಾಲಿಡದೆಯೇ ಕಳೆದುಕೊಂಡರು. ನಮ್ಮ ತಪ್ಪೇನೂ ಇಲ್ಲ.

ಮನೆತನವೂ ದೊಡ್ಡದೇ. ಇವರ ದೊಡ್ಡಪ್ಪ 2005ರ ಜೈವಿಕ ಡೀಸೆಲ್ ಖರೀದಿ ನೀತಿ: ಲೀಟರಿಗೆ ಇಪ್ಪತ್ತೈದು ರೂಪಾಯಿ ಕೊಡುತ್ತೇವೆ ಎಂದಿತು. ಕೇಳಿ, ಆ ಡೀಸೆಲ್ಲಿಗಾಗಿ ಗಾಣದಲ್ಲಿ ಒಂದು ಲೀಟರ್ ಹೊಂಗೆ ಎಣ್ಣೆ ಇಳಿಯಬೇಕಾದರೆ ಹತ್ತಿರ ಹತ್ತಿರ ನಾಲ್ಕು ಕಿಲೋ ಬೀಜ ಬೇಕು. ಕಾಯಿ ಆರಿಸುವ ಹೆಂಗಸರ ಕೂಲಿ, ಸಿಪ್ಪೆ ಬಿಡಿಸುವ ಕೂಲಿ, ಗಾಣದ ಕರೆಂಟು, ಮೆಥನಾಲ್, ಕಾಸ್ಟಿಕ್ ಸೋಡ, ತೊಳೆಯುವ ನೀರು. ಆಮೇಲೆ ಐಎಸ್ 15607 ಮಾನಕದ ಪರೀಕ್ಷೆ, ಆಮೇಲೆ ತೈಲ ಕಂಪನಿಯ ಖರೀದಿ ಕೇಂದ್ರದವರೆಗೆ ಟೆಂಪೋ ಬಾಡಿಗೆ. ಇಷ್ಟಕ್ಕೂ ಸೇರಿ ಇಪ್ಪತ್ತೈದು! ಉತ್ಪಾದಕರು ಕೈಮುಗಿದು ಮನೆಯಲ್ಲೇ ಕೂತರು, ಹಿಂಡಿಯಾದರೂ ಹೊಲಕ್ಕಾಯಿತು.

ರಾಜ್ಯವೂ ಹಿಂದೆ ಬೀಳಲಿಲ್ಲ. ಅದೇ 2009ರಲ್ಲಿ ತನ್ನದೊಂದು ಜೈವಿಕ ಇಂಧನ ನೀತಿ ತಂದು, ಅದರ ಯೋಜನೆಗಳಿಗೆ ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂದು ನಾಮಕರಣ ಮಾಡಿತು. ತೊಟ್ಟಿಲು ತೂಗಿದ್ದೂ ಆಯಿತು. 2017ರಲ್ಲಿ ಜಿಎಸ್‌ಟಿ ಬಂದು ಜೈವಿಕ ಡೀಸೆಲ್ ಮೇಲೆ ಶೇಕಡ 18 ಹೇರಿತು. ಮರುವರ್ಷ ಕನಿಕರಪಟ್ಟು 12ಕ್ಕೆ ಇಳಿಸಿತು. ಮಾಮೂಲಿ ಡೀಸೆಲ್ ಮಾತ್ರ ಜಿಎಸ್‌ಟಿಯ ಹೊಸ್ತಿಲಾಚೆಯೇ ನಿಂತಿದೆ.

ಇವರ ಜೊತೆಯಲ್ಲೇ ಹುಟ್ಟಿದ ಅವಳಿ ಎಥೆನಾಲ್ ಪೆಟ್ರೋಲಿನಲ್ಲಿ ಬೆರೆತು 2025ರಲ್ಲಿ ಇಪ್ಪತ್ತು ಮುಟ್ಟಿತು. ಅದರ ಬೆನ್ನಿಗೆ ಸಕ್ಕರೆ ಕಾರ್ಖಾನೆಗಳಿದ್ದವು ಸ್ವಾಮಿ, ಇವರ ಬೆನ್ನಿಗೆ ಇದ್ದದ್ದು ಬೇಲಿ ಸಾಲಿನ ಹೊಂಗೆ ಮರ. ಮರ ಶಿಫಾರಸು ಪತ್ರ ಬರೆಯುವುದಿಲ್ಲ.

ಹಾಗೆಂದು ನಿಯಮಗಳೇ ನಡೆಯುವುದಿಲ್ಲ ಎಂದು ಯಾರೂ ಭಾವಿಸಬಾರದು. ಬಂಡೀಪುರದ ರಾತ್ರಿ ಸಂಚಾರ ನಿಷೇಧವೂ 2009ರದ್ದೇ, ನಮ್ಮ ಜಿಲ್ಲಾಧಿಕಾರಿಗಳು ಹೊರಡಿಸಿದ್ದೇ. ಕೋರ್ಟು ಕಚೇರಿ ಸುತ್ತಿದರೂ ಗಟ್ಟಿಯಾಗಿ ನಿಂತಿದೆ. ಅದಕ್ಕೊಂದು ಗೇಟಿದೆ, ಗೇಟು ಹಾಕುವವನಿದ್ದಾನೆ.

ಈಗ ಮೈಸೂರು ಪೇಟ, ಶಾಲು, ನಮ್ಮ ಗುಂಡ್ಲುಪೇಟೆ ಚೆಂಡುಹೂವಿನ ಹಾರ. ಸನ್ಮಾನಿತರು ಎಂದಿನಂತೆ ಬಂದಿಲ್ಲವಾದ್ದರಿಂದ ಕುರ್ಚಿಗೇ ಹಾಕೋಣ. ಜೊತೆಗೆ ಇವರ ಜಾಗಕ್ಕೆ ಬಂದಿರುವ ಶ್ರೀ ಶೇಕಡ ಐದು ಅವರಿಗೂ ಸ್ವಾಗತ. 2018ರ ನೀತಿಯ ಕೂಸು, 2030ರವರೆಗೆ ಅವಧಿ. ಅವರಿಗಾಗಿಯೂ ಒಂದು ಶಾಲು ತಂದು ಇಟ್ಟಿದ್ದೇವೆ, ಬಿಲ್ಲು ಒಟ್ಟಿಗೇ ಆಗಲಿ ಎಂದು.

ವಂದನಾರ್ಪಣೆಗೆ ಮೊದಲು ಎರಡು ಸೂಚನೆ. ಜನರೇಟರಿಗೆ ಡೀಸೆಲ್ ತೀರುತ್ತಾ ಬಂದಿದೆ, ಯಾರಾದರೂ ಬಂಕಿಗೆ ಹೋಗಿಬನ್ನಿ. ಅಲ್ಲಿ ಹೊಂಗೆಯದು ಕೇಳಿ ಮುಜುಗರ ಮಾಡಬೇಡಿ. ಕಾಡು ದಾಟಿ ಬತ್ತೇರಿ ಕಡೆಯಿಂದ ಬಂದವರು ಈಗಲೇ ಏಳಿ, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಮದ್ದೂರು ಗೇಟು ಹಾಕುತ್ತಾರೆ.