ವಿಷಯ: ಕಾವಲು ನಿಲ್ಲಿಸುವ ಬಗ್ಗೆ

ಬೆಂಗಳೂರಿನಲ್ಲಿ ನಮ್ಮ ಬೀದಿಗೆ ಒಬ್ಬ ಗೂರ್ಖ ಬರುತ್ತಿದ್ದ. ರಾತ್ರಿಯೆಲ್ಲ ಕೋಲು ಕುಟ್ಟುತ್ತ, ಸೀಟಿ ಊದುತ್ತ, ತಾನೀಗ ಯಾವ ಅಡ್ಡರಸ್ತೆಯಲ್ಲಿದ್ದೇನೆ ಎಂಬುದನ್ನು ಕಳ್ಳರಿಗೆ ಮುಂಚಿತವಾಗಿ ತಿಳಿಸಿಕೊಂಡು ತಿರುಗುತ್ತಿದ್ದ. ತಿಂಗಳ ಮೊದಲ ಭಾನುವಾರ ಗೇಟಿನ ಹತ್ತಿರ ನಿಂತು ಸಲಾಮು ಹೊಡೆದರೆ ಇಪ್ಪತ್ತೋ ಮೂವತ್ತೋ ರೂಪಾಯಿ. ಅವನ ಕಾವಲು ಬೇಡವೆನಿಸಿದ ಮನೆಯವರು ಆ ಬೆಳಿಗ್ಗೆ ಬಾಗಿಲು ತೆಗೆಯುತ್ತಿರಲಿಲ್ಲ, ಅಷ್ಟೆ. ಎರಡು ಭಾನುವಾರ ಬಾಗಿಲು ತೆಗೆಯದಿದ್ದರೆ ಅವನೇ ಅರ್ಥ ಮಾಡಿಕೊಳ್ಳುತ್ತಿದ್ದ. ಅಂಥವರ ಮನೆ ಮುಂದೆ ಬೇಕೆಂದೇ ಸೀಟಿ ಜೋರಾಗಿ ಊದುತ್ತಾನೆ ಎಂದು ಅಮ್ಮನಿಗೆ ಅನುಮಾನವಿತ್ತು. ಅದು ಸಾಬೀತಾಗಲಿಲ್ಲ.

ಲಂಡನ್ನಿನ ಹೌನ್ಸ್ಲೋಗೆ ಬಂದ ಮೇಲೆ ನಮಗೆ ಸಿಕ್ಕ ಗೂರ್ಖ ಒಂದು ಪ್ಲಾಸ್ಟಿಕ್ ಡಬ್ಬಿ. ಮನೆಯ ಮುಂಗೋಡೆಯ ಮೇಲೆ, ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿ, ನೀಲಿ ದೀಪ ಮಿಣುಕಿಸುತ್ತ ಕೂತಿತ್ತು. ಒಳಗೆ ಅದರ ಪರಿವಾರ: ಹಾಲಿನ ಮೂಲೆಯಲ್ಲಿ ಓಡಾಟ ಪತ್ತೆಹಚ್ಚುವ ಕಣ್ಣು, ಬಾಗಿಲ ಬಳಿ ಗುಂಡಿಗಳ ಫಲಕ, ಅಡುಗೆಮನೆಯಲ್ಲಿ ಹೊಗೆ ಮೂಸುವ ಇನ್ನೊಂದು. ಎಲ್ಲವೂ ದೂರದ ಯಾವುದೋ ಊರಿನ ಕೇಂದ್ರಕ್ಕೆ ಹಗಲೂ ರಾತ್ರಿ ನಮ್ಮ ಚಾಡಿ ಹೇಳುತ್ತಿದ್ದವು.

ಇದು ಮನೆಗೆ ಬಂದದ್ದು ಒಂದು ದೀಪಾವಳಿಯ ಹಿಂದಿನ ವಾರ. ಆ ಹೊತ್ತಿಗೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ಸಂಜೆ ಐದಕ್ಕೇ ಕತ್ತಲು ಕವಿಯುತ್ತದೆ. ನಮ್ಮ ಕಡೆಯವರ ಮನೆಗಳಲ್ಲಿ ಚಿನ್ನವಿರುತ್ತದೆ, ಹುಷಾರಾಗಿರಿ ಎಂದು ಪೊಲೀಸರೂ ವರ್ಷವರ್ಷ ಎಚ್ಚರಿಸುತ್ತಾರೆ. ಅಂಥ ಒಂದು ಸಂಜೆ ಬಾಗಿಲು ತಟ್ಟಿದ ಸೇಲ್ಸ್‌ನ ಹುಡುಗ ‘ಗೋಲ್ಡ್’ ಎಂಬ ಶಬ್ದವನ್ನು ಎಷ್ಟು ಕಾಳಜಿಯಿಂದ ಉಚ್ಚರಿಸಿದನೆಂದರೆ, ನಮ್ಮನೆಯವರು ಅವನಿಗೆ ಚಕ್ಕುಲಿ ಕೊಟ್ಟು, ಕಾಫಿ ಕೊಟ್ಟು, ಕೊನೆಗೆ ಸಹಿಯನ್ನೂ ಕೊಟ್ಟರು. ನಮ್ಮ ಚಿನ್ನ ಬಸವನಗುಡಿಯ ಬ್ಯಾಂಕ್ ಲಾಕರಿನಲ್ಲಿದೆ. ಹೌನ್ಸ್ಲೋದ ಮನೆಯಲ್ಲಿ ಕಳ್ಳನ ಕೈಗೆ ಸಿಗಬಹುದಾಗಿದ್ದ ಅತಿ ಬೆಲೆಯ ವಸ್ತು ಕೊಯಮತ್ತೂರಿನ ವೆಟ್ ಗ್ರೈಂಡರ್. ಅದನ್ನು ಮಹಡಿ ಇಳಿಸಲು ಇಬ್ಬರು ಬೇಕು.

ಕಾವಲಿನ ಕೆಳಗೆ ಬದುಕುವುದನ್ನು ನಾವು ಕಲಿತೆವು. ಹೊರಗಿಂದ ಬಂದವರು ಬಾಗಿಲು ತೆಗೆದ ಅರ್ಧ ನಿಮಿಷದೊಳಗೆ ಗುಪ್ತಸಂಖ್ಯೆ ಒತ್ತಬೇಕು. ಎರಡು ಕೈಯಲ್ಲೂ ಹೈಸ್ಟ್ರೀಟಿನ ಕೊತ್ತಂಬರಿ ಸೊಪ್ಪು, ತೆಂಗಿನಕಾಯಿ, ಹತ್ತು ಕಿಲೋ ಸೋನಾಮಸೂರಿ ಇದ್ದವರಿಗೆ ಅರ್ಧ ನಿಮಿಷ ಏನೇನೂ ಅಲ್ಲ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಅಡುಗೆಮನೆಯದು ಅರಚಿಕೊಳ್ಳುತ್ತಿತ್ತು. ಕೂಡಲೇ ಕೇಂದ್ರದಿಂದ ಫೋನು: ಎಲ್ಲ ಕ್ಷೇಮವೇ, ಪಾಸ್‌ವರ್ಡ್ ಹೇಳಿ. ನಮ್ಮನೆಯವರು ಯಾರಿಗೂ ಊಹಿಸಲಾಗದಿರಲಿ ಎಂದು ‘ಬಿಸಿಬೇಳೆಬಾತ್’ ಎಂದು ಬರೆಸಿದ್ದರು. ಆ ಕಡೆಯ ಹುಡುಗಿಗೆ ಅದು ಊಹೆಗಿರಲಿ, ಕಿವಿಗೂ ಸಿಗುತ್ತಿರಲಿಲ್ಲ. ಅಕ್ಷರ ಅಕ್ಷರವಾಗಿ ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಸಾಸಿವೆ ಇದ್ದಲಾಗುತ್ತಿತ್ತು, ಎರಡನೆಯ ಸಲ ಅರಚಾಟ ಶುರುವಾಗುತ್ತಿತ್ತು.

ಇಷ್ಟಕ್ಕೆಲ್ಲ ಬ್ಯಾಂಕಿನಿಂದ ತಿಂಗಳು ತಿಂಗಳು ತಾನೇ ಹಣ ಹೋಗುತ್ತಿತ್ತು. ಈ ದೇಶದ ಡೈರೆಕ್ಟ್ ಡೆಬಿಟ್ ಎಂಬ ವ್ಯವಸ್ಥೆ ಹುಟ್ಟಿದ್ದು ಐಸ್‌ಕ್ರೀಮಿನಿಂದ ಎಂದರೆ ಯಾರೂ ನಂಬುವುದಿಲ್ಲ. 1964ರಲ್ಲಿ ಯೂನಿಲಿವರ್ ಸಂಸ್ಥೆಯಲ್ಲಿದ್ದ ಆಲಸ್ಟೇರ್ ಹ್ಯಾಂಟನ್, ಐಸ್‌ಕ್ರೀಮ್ ಮಾರುವವರಿಂದ ಬಾಕಿ ವಸೂಲು ಮಾಡುವ ರಗಳೆ ತಪ್ಪಿಸಲು ಹೂಡಿದ ಉಪಾಯ ಅದು. ಕೊಡುವವನು ಕೈ ಚಾಚುವ ಬದಲು ತೆಗೆದುಕೊಳ್ಳುವವನೇ ಕೈ ಹಾಕಿಕೊಳ್ಳಲಿ ಎಂಬ ತತ್ತ್ವ. ಐಸ್‌ಕ್ರೀಮಿನ ಹಾಗೆಯೇ, ನೋಡನೋಡುತ್ತ ಕರಗುವುದು ಮಾತ್ರ ನಮ್ಮ ದುಡ್ಡು.

ಈ ಕಾವಲನ್ನು ನಿಲ್ಲಿಸಬೇಕು ಎಂಬ ಮಾತು ಮನೆಯಲ್ಲಿ ಆಗಾಗ ಏಳುತ್ತಿತ್ತು, ಆಗಾಗ ಮಲಗುತ್ತಿತ್ತು. ಸೇರುವುದಕ್ಕೆ ಕಂಪನಿಯ ಜಾಲತಾಣದಲ್ಲಿ ಅಂಗೈಯಗಲದ ಹಸಿರು ಗುಂಡಿ ಇದೆ. ಬಿಡುವುದಕ್ಕೆ ಗುಂಡಿ ಇಲ್ಲ, ಒಂದು ಫೋನ್ ನಂಬರು ಮಾತ್ರ. ಅದೂ ಸೋಮವಾರದಿಂದ ಶುಕ್ರವಾರ, ನಾವು ಕೆಲಸದಲ್ಲಿರುವ ಹೊತ್ತಿನಲ್ಲೇ. ಇಂಥ ಕಾಲದಲ್ಲಿ ತಿಪಟೂರಿನಿಂದ ದೊಡ್ಡಪ್ಪ ಬಂದರು.

ದೊಡ್ಡಪ್ಪ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಲಂಡನ್ ಅವರಿಗೆ ಮೊದಲ ವಾರದಲ್ಲೇ ಬೇಸರ ಬಂದಿತ್ತು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಕೈಮುಗಿದದ್ದಾಯಿತು, ರಾಜನ ಅರಮನೆ ನೋಡಿದ್ದಾಯಿತು. ಬಸ್ಸು ಸರಿಯಾದ ಹೊತ್ತಿಗೆ ಬರುತ್ತದೆ, ಕ್ಯೂನಲ್ಲಿ ಯಾರೂ ನುಗ್ಗುವುದಿಲ್ಲ. ಮಾಡಲು ಏನೂ ಇಲ್ಲ. ಬಾತ್ ರೋಡಿನ ಹೌನ್ಸ್ಲೋ ಹೌಸ್‌ನಲ್ಲಿ ಕೌನ್ಸಿಲ್ ಕಚೇರಿಯೂ ಗ್ರಂಥಾಲಯವೂ ಒಂದೇ ಸೂರಿನಡಿ ಇವೆ. ದೊಡ್ಡಪ್ಪ ದಿನಾ ಅಲ್ಲಿಗೆ ಹೋಗಿ ಪತ್ರಿಕೆ ಓದಿದ ಹಾಗೆ ಮಾಡಿ, ಕೌಂಟರಿನಲ್ಲಿ ಅರ್ಜಿ ಹಿಡಿದು ನಿಂತವರನ್ನು ಆಸೆಗಣ್ಣಿನಿಂದ ನೋಡಿ ಬರುತ್ತಿದ್ದರು.

ಅವರ ಮುಂದೆ ನಮ್ಮ ಕರಾರುಪತ್ರ ಬಿದ್ದದ್ದೇ ತಡ, ಮುಖದ ಕಳೆಯೇ ಬದಲಾಯಿತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಎರಡು ದಿನ ಓದಿದರು. ‘ನೋಡಮ್ಮ, ಇಲ್ಲಿದೆ,’ ಎಂದರು. ಮೂಲ ಅವಧಿ ಮೂರು ವರ್ಷ. ಅದು ಮುಗಿಯುವ ತೊಂಬತ್ತು ದಿನ ಮೊದಲು ಬರವಣಿಗೆಯಲ್ಲಿ ಬೇಡವೆನ್ನದಿದ್ದರೆ ತಾನಾಗಿ ಇನ್ನೊಂದು ವರ್ಷ, ಹೀಗೆಯೇ ಮುಂದಕ್ಕೂ. ‘ಅಳಿಯಂದಿರು ಬಹಳ ದೊಡ್ಡ ಮನಸ್ಸಿನವರು,’ ಎಂದಷ್ಟೇ ಹೇಳಿ, ತಿಪಟೂರಿನ ಸಹಕಾರಿ ಸಂಘದ ಕ್ಯಾಲೆಂಡರ್ ತೆಗೆದು ದಿನ ಎಣಿಸಿದರು. ಗಡುವಿಗೆ ಇನ್ನೂ ಮೂರು ವಾರವಿತ್ತು.

ಮನೆಗೇ ಬಂದು ಮಾಡಿಸಿಕೊಂಡ ಕರಾರನ್ನು ಹದಿನಾಲ್ಕು ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು ಎಂದು ಇಲ್ಲಿ 2013ರ ನಿಯಮವೊಂದಿದೆ. ಆ ಹದಿನಾಲ್ಕು ದಿನ ನಾವು ದೀಪಾವಳಿಯ ಸಿಹಿ ಹಂಚುವುದರಲ್ಲಿ ಕಳೆದಿದ್ದೆವು. 2024ರಲ್ಲಿ ಪಾರ್ಲಿಮೆಂಟು ಮಾಡಿದ ಹೊಸ ಕಾಯ್ದೆಯಲ್ಲಿ ಚಂದಾ ಬಲೆಗಳಿಗೆಂದೇ ಒಂದು ಅಧ್ಯಾಯವಿದೆ: ನವೀಕರಣಕ್ಕೆ ಮೊದಲು ನೆನಪಿಸಬೇಕು, ನವೀಕರಣವಾದ ಮೇಲೂ ಮನಸ್ಸು ಬದಲಾಯಿಸಲು ಹದಿನಾಲ್ಕು ದಿನ ಕೊಡಬೇಕು, ಹೊರಹೋಗುವ ದಾರಿ ಸುಲಭವಾಗಿರಬೇಕು. ಈ ದೇಶದ ಜನ ಬೇಡದ ಚಂದಾಗಳಿಗೆ ವರ್ಷಕ್ಕೆ 160 ಕೋಟಿ ಪೌಂಡ್ ಸುರಿಯುತ್ತಾರೆಂದು ಸರ್ಕಾರವೇ ಅಂದಾಜು ಮಾಡಿತ್ತು. ಆದರೆ ನಾವು ಕಾಗದ ಬರೆಯುವ ಹೊತ್ತಿಗೆ ಕಾಯ್ದೆಯ ಆ ಅಧ್ಯಾಯ ಜಾರಿಗೆ ಬಂದಿರಲಿಲ್ಲ. ದಿನಾಂಕ ಮುಂದೆ ಮುಂದೆ ಹೋಗುತ್ತಲೇ ಇತ್ತು. ‘ಆದೇಶ ಆಗಿದೆ, ಸುತ್ತೋಲೆ ಬಂದಿಲ್ಲ,’ ಎಂದು ದೊಡ್ಡಪ್ಪ ಒಂದೇ ಏಟಿಗೆ ಅರ್ಥ ಮಾಡಿಕೊಂಡರು. ಅವರಿಗೆ ಇಂಗ್ಲೆಂಡಿನ ಮೇಲೆ ಮೊದಲ ಬಾರಿಗೆ ಆತ್ಮೀಯತೆ ಹುಟ್ಟಿತು.

ಮೊದಲು ಫೋನ್ ಮಾಡೋಣವೆಂದೆ. ಮಾಡು, ಆದರೆ ಯಾರ ಹತ್ತಿರ, ಯಾವಾಗ ಮಾತಾಡಿದೆ ಎಂದು ಬರೆದಿಟ್ಟುಕೋ, ಆಮೇಲೆ ಉಲ್ಲೇಖಕ್ಕೆ ಬೇಕಾಗುತ್ತದೆ ಎಂದರು. ರಜೆ ಹಾಕಿ ಕೂತೆ. ಹೌನ್ಸ್ಲೋದಲ್ಲಿ ಫೋನ್ ಮಾಡುವುದಕ್ಕೂ ಮುಹೂರ್ತ ನೋಡಬೇಕು. 1919ರ ಆಗಸ್ಟ್ 25ರಂದು ಪ್ಯಾರಿಸ್‌ಗೆ ದಿನನಿತ್ಯದ ವಿಮಾನ ಮೊದಲಾದದ್ದು ಇಲ್ಲಿನ ಹೀತ್ ಬಯಲಿನಿಂದಲೇ. ಆಮೇಲೆ ಪಕ್ಕದಲ್ಲೇ ಹೀಥ್ರೋ ಬಂತು. ಈಗ ಎರಡು ರನ್‌ವೇಗಳಿಗೆ ಪಾಳಿ, ಮಧ್ಯಾಹ್ನ ಮೂರಕ್ಕೆ ಅದಲುಬದಲು. ನಮ್ಮ ಪಾಳಿಯಿದ್ದಾಗ ಒಂದೂವರೆ ನಿಮಿಷಕ್ಕೊಂದು ವಿಮಾನ ಹೊಟ್ಟೆ ತೋರಿಸಿಕೊಂಡು ಇಳಿಯುತ್ತದೆ. ಮೂರರ ನಂತರ ಮಾಡೋಣವೆಂದರೆ ಅವರ ಕ್ಯೂ ಉದ್ದ. ಹಾಗಾಗಿ ವಿಮಾನಗಳ ನಡುವೆಯೇ ಪಿಟೀಲು ಕೇಳುತ್ತ ಕಾದೆ.

ಕೊನೆಗೆ ಸಿಕ್ಕವಳು ‘ಲಾಯಲ್ಟಿ ಟೀಮ್’ನವಳು. ದನಿಯಲ್ಲಿ ಹೆಣ್ಣು ಕಳಿಸಿಕೊಡುವ ತಾಯಿಯ ದುಃಖ. ಯಾಕೆ ಬಿಟ್ಟುಹೋಗುತ್ತೀರಿ ಎಂದಳು. ಸ್ಪೀಕರಿನ ಪಕ್ಕ ಕೂತ ದೊಡ್ಡಪ್ಪ, ‘ಸ್ವಂತ ಕಾರಣ ಅನ್ನು, ಹೆಚ್ಚಿಗೆ ಏನೂ ಹೇಳಬೇಡ,’ ಎಂದು ಪಿಸುಗುಟ್ಟಿದರು. ಮೂರು ತಿಂಗಳು ಅರ್ಧ ಬೆಲೆ ಎಂದಳು, ಏರ್‌ಬಸ್ ಹೋಯಿತು. ಹಿತ್ತಲಿಗೊಂದು ಕ್ಯಾಮರಾ ಉಚಿತ ಎಂದಳು, ಬೋಯಿಂಗ್ ಹೋಯಿತು. ‘ನಿಮ್ಮ ಕುಟುಂಬದ ಸುರಕ್ಷತೆಗಿಂತ ದೊಡ್ಡದು ಏನಿದೆ ಹೇಳಿ?’ ಎಂದಾಗ ಮಾತ್ರ ಆಕಾಶ ನಿಶ್ಶಬ್ದವಾಗಿತ್ತು. ಮಾತು ನಿಧಾನಕ್ಕೆ ಹೆದರಿಕೆಯ ಕಡೆ ತಿರುಗಿತು: ಡಬ್ಬಿ ತೆಗೆದ ಮನೆಗಳನ್ನು ಕಳ್ಳರು ಗಮನಿಸುತ್ತಿರುತ್ತಾರಂತೆ. ಹೋಗಲಿ, ಯೋಚಿಸಿ ಹೇಳಿ, ರದ್ದು ಮಾಡುವುದಾದರೆ ಹೇಗೂ ಬರವಣಿಗೆಯಲ್ಲೇ ಕೊಡಬೇಕು ಎಂದು ಫೋನಿಟ್ಟಳು. ದೊಡ್ಡಪ್ಪನಿಗೆ ಬೇಸರವಾಗುವ ಬದಲು ಖುಷಿಯಾಯಿತು. ‘ಇಷ್ಟು ದಿನ ಲಂಡನ್ ಅಂದ್ರೆ ಏನೋ ಅಂದ್ಕೊಂಡಿದ್ದೆ ಕಣಮ್ಮ. ಇದು ನಮ್ಮ ತಾಲೂಕು ಆಫೀಸೇ!’

ಕಳ್ಳರ ಮಾತು ಬಂತಲ್ಲ ಎಂದು ದೊಡ್ಡಪ್ಪನಿಗೆ ಹೇಳಿದೆ: ಈ ಹೀತ್ ಬಯಲು ಒಂದು ಕಾಲದಲ್ಲಿ ದರೋಡೆಗೆ ಹೆಸರಾಗಿತ್ತು. ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಬಾತ್ ಕಡೆಗೆ, ಎಕ್ಸೆಟರ್ ಕಡೆಗೆ ಹೋಗುವ ಕುದುರೆಗಾಡಿಗಳೆಲ್ಲ ಇಲ್ಲಿ ಹಾಯಬೇಕಿತ್ತು. ಮುಸುಕಿನ ಸವಾರರು ಅಡ್ಡಹಾಕಿ ಪಿಸ್ತೂಲು ತೋರಿಸುತ್ತಿದ್ದರು. ಸಿಕ್ಕಿಬಿದ್ದವರನ್ನು ಗಲ್ಲಿಗೇರಿಸಿ ದಾರಿಬದಿಯಲ್ಲೇ ತೂಗಹಾಕುತ್ತಿದ್ದರು. ಅವರಲ್ಲಿ 1670ರಲ್ಲಿ ಗಲ್ಲಿಗೇರಿದ ಕ್ಲಾಡ್ ಡುವಾಲ್ ಎಂಬವನ ಕಥೆಯೊಂದಿದೆ. ಗಾಡಿಯಲ್ಲಿದ್ದ ಹೆಂಗಸಿನ ಜೊತೆ ರಸ್ತೆಯಲ್ಲೇ ನೃತ್ಯ ಮಾಡಿ, ಗಂಡನ ಹತ್ತಿರವಿದ್ದ ನಾನೂರು ಪೌಂಡಿನಲ್ಲಿ ನೂರನ್ನು ಮಾತ್ರ ತೆಗೆದುಕೊಂಡು ಬಿಟ್ಟನಂತೆ. ಕೇಳಿ ದೊಡ್ಡಪ್ಪ ತಲೆದೂಗಿದರು. ಒಂದೇ ಸಲ ತೆಗೆದುಕೊಂಡ, ಮುಂದಿನ ತಿಂಗಳು ಬರಲಿಲ್ಲ, ಮರ್ಯಾದಸ್ಥ ಎಂದರು.

ಕಾಗದ ಸಿದ್ಧವಾದದ್ದು ಒಂದು ಶನಿವಾರ. ದೊಡ್ಡಪ್ಪ ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತ ಹೋದೆ. ‘ಮಾನ್ಯರೆ, ವಿಷಯ: ನಮ್ಮ ಮನೆಯ ಕಾವಲು ಸೇವೆಯನ್ನು ನಿಲುಗಡೆಗೊಳಿಸುವ ಬಗ್ಗೆ. ಉಲ್ಲೇಖ ಒಂದು: ತಮ್ಮೊಂದಿಗಿನ ಕರಾರು ಸಂಖ್ಯೆ. ಉಲ್ಲೇಖ ಎರಡು: ತಮ್ಮ ಕಚೇರಿಯೊಂದಿಗಿನ ದೂರವಾಣಿ ಸಂಭಾಷಣೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ...’ ಅವಗಾಹನೆಯ ಹತ್ತಿರ ನಾನು ಸ್ವಲ್ಪ ತಡವರಿಸಿದೆ. ಸಾರ ಇಷ್ಟೇ: ಕರಾರು ಇಂಥ ದಿನಕ್ಕೆ ಮುಗಿಯುತ್ತದೆ, ಅದನ್ನು ನವೀಕರಿಸಲು ನಮ್ಮ ಒಪ್ಪಿಗೆಯಿಲ್ಲ, ಆ ದಿನದ ನಂತರ ನಮ್ಮ ಖಾತೆಯಿಂದ ಏನನ್ನೂ ತೆಗೆಯತಕ್ಕದ್ದಲ್ಲ, ಇದು ತಲುಪಿದ ಬಗ್ಗೆ ಲಿಖಿತ ಉತ್ತರ ದಯಪಾಲಿಸಬೇಕು. ಪೋಸ್ಟಾಫೀಸಿನಲ್ಲಿ ಸಹಿ ಪಡೆದು ಮುಟ್ಟಿಸುವ ಅಂಚೆಗೆ ಹಾಕಿ, ರವಾನೆಯ ಚೀಟಿ ಪಡೆದು, ಅದನ್ನು ಒಂದು ಹೊಸ ಫೈಲಿನಲ್ಲಿಟ್ಟು ದಾರ ಕಟ್ಟಿದರು. ಟ್ಯಾಗು ಸಿಗದೆ ನಮ್ಮನೆಯವರ ಶೂ ಲೇಸು ಹೋಯಿತು.

ನಮ್ಮನೆಯವರಿಗೆ ಇಷ್ಟೆಲ್ಲ ಯಾಕೆ, ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ ನಿಲ್ಲಿಸಿದರೆ ಸಾಲದೇ ಎಂಬ ಪ್ರಶ್ನೆ. ‘ಅಳಿಯಂದಿರೇ, ಕಂದಾಯ ಕಟ್ಟುವುದು ನಿಲ್ಲಿಸಿದರೆ ಜಮೀನು ಇಲ್ಲದಂತಾಗುತ್ತದೆಯೇ?’ ಎಂದರು ದೊಡ್ಡಪ್ಪ. ಅವರ ಮಾತು ನಿಜ. ಹಣ ನಿಲ್ಲಿಸಿದರೂ ಕರಾರು ನಿಲ್ಲುವುದಿಲ್ಲ, ಬಾಕಿ ಬೆಳೆದು ವಸೂಲಿಯವರ ಕೈ ಸೇರುತ್ತದೆ. ಮೊದಲು ಕರಾರು, ಅದು ಮುಗಿದ ಮೇಲೆ ಬ್ಯಾಂಕು. ಆ ಸಂಜೆ ದೊಡ್ಡಪ್ಪ ಭಾರತದ ಪರವಾಗಿಯೂ ಸ್ವಲ್ಪ ಎದೆಯುಬ್ಬಿಸಿದರು: ಅಲ್ಲಿ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ, ಕಾರ್ಡಿನಿಂದ ಹೀಗೆ ತಾನೇ ಹಣ ಕಡಿಯುವ ಇಪ್ಪತ್ತನಾಲ್ಕು ಗಂಟೆ ಮೊದಲು ಹೇಳಿ ಕಡಿಯಬೇಕು. ಚಂದಾ ಬಲೆಯನ್ನು ಅಲ್ಲಿನ ಸರ್ಕಾರ 2023ರಲ್ಲೇ ಜಾಲತಾಣಗಳ ಹದಿಮೂರು ಮೋಸದ ಮಾದರಿಗಳ ಪಟ್ಟಿಗೆ ಸೇರಿಸಿದೆ. ಕಾರ್ಡಿನ ಆ ನಿಯಮ ಬಂದ ಹೊಸತರಲ್ಲಿ ತಮ್ಮ ಮೊಬೈಲಿನ ಬಿಲ್ಲು ಕಟ್ಟಲಾಗದೆ ರಿಸರ್ವ್ ಬ್ಯಾಂಕನ್ನು ಬೈದದ್ದು ಅವರಿಗೆ ಮರೆತುಹೋಗಿತ್ತು.

ಕಂಪನಿಯವರು ಮೊದಲು ಕಾಗದ ಬಂದಿಲ್ಲವೆಂದರು. ದೊಡ್ಡಪ್ಪ ಲೇಸು ಬಿಚ್ಚಿ ಚೀಟಿಯ ಪ್ರತಿ ಕಳಿಸಿದರು. ಹಾಗಾದರೆ ಬಂದಿರಬಹುದು ಎಂದರು. ಕರಾರು ಮುಗಿದ ತಿಂಗಳು ಮತ್ತೆ ಹಣ ಹೋಯಿತು. ಇಲ್ಲಿ ಡೈರೆಕ್ಟ್ ಡೆಬಿಟ್‌ಗೆ ಒಂದು ಖಾತರಿಯಿದೆ: ತಪ್ಪಾಗಿ ತೆಗೆದ ಹಣವನ್ನು ನಮ್ಮ ಬ್ಯಾಂಕೇ ತಕ್ಷಣ ಪೂರ್ತಿ ಮರಳಿಸಬೇಕು. ಕೇಳಿದೆ, ಕೊಟ್ಟರು. ಎರಡನೇ ಜ್ಞಾಪನಪತ್ರ ಬರೆದಿಟ್ಟುಕೊಂಡಿದ್ದ ದೊಡ್ಡಪ್ಪನಿಗೆ ಇದು ದೊಡ್ಡ ಆಶಾಭಂಗ. ಇಷ್ಟು ಸಲೀಸಾಗಿ ಕೊಡುವುದಾದರೆ ಆಡಳಿತ ಅಂತ ಯಾಕಿರಬೇಕು ಎಂದು ರಾತ್ರಿಯೂಟದಲ್ಲಿ ಒಂದು ತುತ್ತು ಕಡಿಮೆ ತಿಂದರು.

ಯಂತ್ರ ತೆಗೆಯಲು ಬಂದವನು ಒಳಗಿನದೆಲ್ಲ ಬಿಚ್ಚಿಕೊಂಡ. ಹೊರಗಿನ ಡಬ್ಬಿಗೆ ಏಣಿ ಬೇಕು, ಏಣಿಯವರು ಬೇರೆ ವಿಭಾಗ ಎಂದು ಹೇಳಿ ಹೋದ. ಏಣಿಯವರು ಇನ್ನೂ ಬಂದಿಲ್ಲ. ಡಬ್ಬಿ ಪುಕ್ಕಟೆಯಾಗಿ ಕಾಯುತ್ತಿದೆ.

ಸುದ್ದಿ ಬೀದಿಯಲ್ಲಿ ಹಬ್ಬಿತು. ಪಕ್ಕದ ಮನೆಯ ಪಂಜಾಬಿನವರು ಹೋಗದೇ ಇರುವ ಜಿಮ್ಮಿನ ಕರಾರು ತಂದರು. ಎದುರುಮನೆಯ ಮುದುಕಿ, ಸತ್ತುಹೋದ ಬೆಕ್ಕಿನ ವಿಮೆ ಇನ್ನೂ ನಡೆಯುತ್ತಿದೆ ಎಂದು ಕಣ್ಣೊರೆಸಿಕೊಂಡು ಬಂದಳು. ದೊಡ್ಡಪ್ಪ ಹಾಲಿನ ಕಿಟಕಿಯ ಬಳಿ ಮೇಜು ಹಾಕಿಸಿಕೊಂಡು, ಬೆಳಿಗ್ಗೆ ಹತ್ತೂವರೆಯಿಂದ ಐದೂವರೆಯವರೆಗೆ, ನಡುವೆ ಊಟದ ವಿರಾಮವಿಟ್ಟು ಕೂತರು. ಬೆಕ್ಕಿನ ಕಡತ ಮುಗಿಯುವ ಹೊತ್ತಿಗೆ ಅವರ ವಿಸಿಟರ್ ವೀಸಾದ ಆರು ತಿಂಗಳು ಮುಗಿಯುತ್ತ ಬಂದಿತ್ತು. ಅದು ತಾನಾಗಿ ನವೀಕರಣವಾಗುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ‘ಹೋಂ ಆಫೀಸಿನವರಲ್ಲಿ ಲಾಯಲ್ಟಿ ಟೀಮ್ ಇಲ್ವೇನಮ್ಮ?’ ಎಂದು, ಜಿಮ್ಮಿನ ಕಾಗದಕ್ಕೆ ಉಲ್ಲೇಖ ಎರಡನ್ನು ಸೇರಿಸತೊಡಗಿದರು.